ಅಳಿಯ ಹೊಡೆದ ಎರಡು ಆರು

ಗಣಿತ ಕಲಸೋ ಮಾಸ್ತರಗ ವರ್ಷಕ್ಕೊಮ್ಮೆರೆ ಎದಿ ಧಸಕ್ ಅನ್ನಲಿಲ್ಲಂದ್ರ ಅವ ಗಣಿತ ಕಲಸೇ ಇಲ್ಲ ಅಂತ ತಿಳೀರಿ. ಇಂಗ್ರೇಜರ ಕಾಲದಾಗ ನಾನು ಪುಣೆದ ಸದಾಶಿವ ಪೇಟೆಯೊಳಗ, ವಾಡೇ ಅಂತಾರಲ್ಲ, ಅಂಥಾ ಒಂದು ಹಳೇ ದೊಡ್ಡ ಮನಿಯ ಮ್ಯಾಲಿನ ಖೋಲ್ಯಾಗ, ಮ್ಯಾಟ್ರಿಕ್ ನಪಾಸಾದವರಿಗೆ ಮುಂಜಾನೆ ಕ್ಲಾಸ್ ನಡಸ್ತಿದ್ದೆ. ಶಿಷ್ಯರೊಳಗ ಒಬ್ಬರು ಬೆಳಗಾವಿ ಕಡೆಯವರು, ಸರಕಾರಿ ಕಚೇರ್ಯಾಗ ಕಾರಕೂನರು, ಮೀಸಿ ನನ್ನವಕ್ಕಿಂತ ದಪ್ಪ. ಲಗ್ನ ಆಗಿತ್ತು, ಆದ್ರ ಹೆಂಡತಿ ತವರಮನ್ಯಾಗ. "ಅಳಿಯಂದ್ರಿಗೆ ಮ್ಯಾಟ್ರಿಕ್ಕಿನ ಗಣಿತ ಬರಲಿ, ಆಮ್ಯಾಲೆ ಮಗಳನ್ನ ಕಳಸ್ತೀನಿ" ಅಂತ ಮಾವ ಹಟ ಹಿಡದಿದ್ರು. ಮಾವ ಪೆನ್ಶನ್ ಆದ ಸಾಲಿ ಮಾಸ್ತರು.

ತ್ರಾಸ ಕೊಡೋ ಚಿಹ್ನೆ

ಬೋರ್ಡಿನ ಮ್ಯಾಲೆ ವರ್ಗಮೂಲದ ಚಿಹ್ನೆ ಹಾಕಿ, ಒಳಗ ಒಂದು ಭಿನ್ನರಾಶಿ ಬರದೆ. ಮ್ಯಾಲೆ 25a², ಕೆಳಗ 49b². "ಇದನ್ನ ಸುಲಭ ಮಾಡ್ರಿ" ಅಂದೆ. ಕಾರಕೂನರು ಭಾಳ ಹೊತ್ತು ನೋಡಿ, ಧೋತರದ ಚುಂಗಿನಿಂದ ವರ್ಗಮೂಲದ ಚಿಹ್ನೇನ ಒರಸಿಬಿಟ್ರು.

"ಇದೇನ್ರಿ?"

"ತ್ರಾಸ ಕೊಡತಿದ್ದದ್ದು ಅದೊಂದ ರಿ, ಮಾಸ್ತರ. ಉಳಿದದ್ದು ಸುಲಭ ಅದ."

ನಾನು ಕೂತು ಒಂದು ತಂಬಿಗಿ ನೀರು ಕುಡದೆ.

ಎರಡೂ ಕಡೆ ಒಂಬತ್ತು

ಮುಂದ ಒಮ್ಮೆ ವರ್ಗಮೂಲದ ಒಳಗ ಮ್ಯಾಲೆ x²+9, ಕೆಳಗ y²+9 ಕೊಟ್ಟೆ. ಇದು ಇದಕ್ಕಿಂತ ಸುಲಭ ಆಗಂಗಿಲ್ಲ, ಅಷ್ಟು ತಿಳದ್ರ ಸಾಕಿತ್ತು. ಕಾರಕೂನರು ಎರಡೂ ಒಂಬತ್ತು ಸರಕ್ಕನೆ ಹೊಡದು, ಉತ್ತರ x/y ಅಂತ ಬರದು ಆರಾಮ ಕೂತ್ರು.

"ಅಯ್ಯೋ, ಕೂಡಿಸೋ ಚಿಹ್ನೆ ಇದ್ದಾಗ ಹಂಗ ಹೊಡೀಬಾರದ್ರಿ" ಅಂದೆ.

"ನಮ್ಮ ಕಚೇರ್ಯಾಗ ಜಮಾದಾಗ, ಖರ್ಚಿನಾಗ ಒಂದ ರಕಮು ಕಂಡ್ರ ಹೊಡದ ಹಾಕ್ತೇವ್ರಿ. ಸಾಹೇಬ್ರು ಒಂದಿನಾನೂ ಬೈದಿಲ್ಲ."

ಸರಕಾರ ಹೆಂಗ ನಡದದ ಅನ್ನೋದು ಅವತ್ತು ನನಗ ಗೊತ್ತಾತು.

ಮಾವನ ಪರೀಕ್ಷಾ

ಒಂದಿನ ಮಾವ ಹೇಳದ ಕೇಳದ ಕ್ಲಾಸಿಗೇ ಬಂದ್ರು. ಹಿಂದ ಮಗಳು, ಆಕಿ ಟ್ರಂಕು.

"ಇಲ್ಲೇ ಒಂದು ಲೆಕ್ಕ ಕೊಡ್ತೀನ್ರಿ. ಉತ್ತರ ಬಂತೋ, ಮಗಳನ್ನ ಬಿಟ್ಟು ಹೋಗ್ತೀನಿ. ಬರಲಿಲ್ಲೋ, ಇವತ್ತಿನ ಗಾಡಿಗೇ ವಾಪಸ್ ಕರಕೊಂಡು ಹೋಗ್ತೀನಿ."

ಕಾರಕೂನರು ಎದ್ದು ಬೋರ್ಡಿನ ಕಡೆ ನಡದ್ರು. ಹುಡುಗಿ ಬಾಗಲದಾಗ ನಿಂತು ಬೋರ್ಡನ್ನ ನೋಡ್ತಿದ್ಲು.

ಮಾವ ವರ್ಗಮೂಲದ ಒಳಗ ಮ್ಯಾಲೆ 16x², ಕೆಳಗ 64y² ಬರದ್ರು. ಅಳಿಯಂದ್ರು ಹದಿನಾರರ ಆರನ್ನೂ ಅರವತ್ನಾಕರ ಆರನ್ನೂ ಹೊಡದು ಹಾಕಿದ್ರು. ಅಂಕಿ ಹಂಗ ಹೊಡಿಯೋದು ಶುದ್ಧ ತಪ್ಪು. ಮ್ಯಾಲೆ ಒಂದು ಉಳೀತು, ಕೆಳಗ ನಾಕು. ಅದರ ವರ್ಗಮೂಲ ತಗದು x/2y ಅಂತ ಬರದ್ರು. ನಾನು ಕಣ್ಣು ತಿಕ್ಕೊಂಡು ಮತ್ತ ನೋಡಿದೆ. ಉತ್ತರ ಸರಿ ಇತ್ತು.

ಮಾವ ಮೂಗಿನ ಮ್ಯಾಲೆ ಚಾಳೀಸು ಏರಿಸಿ ಬೋರ್ಡಿನ ಸನೇಕ ಹೋದ್ರು. "ಅಲ್ಲಾ, ಈ ಆರು ಯಾಕ..."

"ಅಪ್ಪಾ, ಉತ್ತರ ಸರಿ ಅದನೋ ಇಲ್ಲೋ?" ಅಂದ್ಲು ಮಗಳು.

"ಸರಿ ಅದ, ಆದ್ರ..."

"ಹಂಗಾದ್ರ ನಿಮ್ಮ ಗಾಡಿಗೆ ಹೊತ್ತಾತು, ಹೊಂಡ್ರಿ."

ಮಾವ ಗೊಣಗುಟಕೋತ ಪಾವಟಿಗಿ ಇಳದ್ರು. ಆಕಿ ಗಂಡನ ಕೈಯಾಗಿನ ಸೀಮೆಸುಣ್ಣ ಕಸಗೊಂಡು, ಹೊಡದ ಎರಡೂ ಆರು ಮತ್ತ ಬರದು, ನನ್ನ ಕಡೆ ತಿರುಗಿದ್ಲು.

"ಮಾಸ್ತರ, ನಾಳಿಂದ ಇವರು ನಿಮ್ಮ ಕ್ಲಾಸಿಗೆ ಬರಂಗಿಲ್ರಿ. ಗಣಿತ ಮನ್ಯಾಗ ನಾನ ಹೇಳಿಕೊಡ್ತೀನಿ."