ಮೋಡವಿಲ್ಲದ ಮಳೆ

ಆಕಾಶದಿಂದ ತೆಗೆದ ಚಿತ್ರವನ್ನು ಭೂಮಿಯ ಮೇಲಿನವರಿಗೆ ವಿವರಿಸಲು ಹೊರಟವನಿಗೆ ವಾರಕ್ಕೊಂದಾದರೂ ಪೇಚಾಟ ತಪ್ಪುವುದಿಲ್ಲ. ನಾನು ನಿವೃತ್ತ ಭೂಗೋಳ ಮಾಸ್ಟ್ರು. ಪುತ್ತೂರಿನಲ್ಲಿ ಉಪಗ್ರಹ ಚಿತ್ರ ಓದುವ ಎರಡು ದಿನದ ತರಬೇತಿಗೆ ಹೋಗಿ ಬಂದೆ. ಅಂದಿನಿಂದ ಪುತ್ತೂರು, ಸುಳ್ಯ, ಕಡಬದ ಮಳೆ ಅಳೆಯುವವರ ವಾಟ್ಸಾಪ್ ಗುಂಪಿಗೆ ನಾನೇ ಹವಾಮಾನ ತಜ್ಞ. ನಮ್ಮಲ್ಲಿ ಅನೇಕರು ಅಂಗಳದಲ್ಲೋ ತೋಟದ ಬದಿಯಲ್ಲೋ ಮಳೆಮಾಪಕ ಇಟ್ಟು, ಬೆಳಗ್ಗೆ ಹಲ್ಲುಜ್ಜುವ ಮೊದಲೇ ಎಷ್ಟು ಮಿಲಿಮೀಟರ್ ಎಂದು ಗುಂಪಿಗೆ ಹಾಕುತ್ತಾರೆ. ಕಡಿಮೆ ಬಿದ್ದವರು ಮಧ್ಯಾಹ್ನದವರೆಗೆ ಸ್ವಲ್ಪ ಮಂಕಾಗಿರುತ್ತಾರೆ.

ಅಡಿಯೂ ತಲೆಯೂ

ತರಬೇತಿಯಲ್ಲಿ ಸುಳ್ಯದ ಕೃಷಿಕರೊಬ್ಬರು ಎದ್ದು ನಿಂತರು. "ಸರ್, ಸೂರ್ಯ ಮುಳುಗಿದ ಮೇಲೆ ಫೋಟೋ ತೆಗಿಲಿಕ್ಕೆ ಮೇಲೆ ಫ್ಲಾಶ್ ಉಂಟಾ?"

ತರಬೇತಿ ಕೊಡುವ ಅಧಿಕಾರಿ ತಾಳ್ಮೆಯವರು. "ಇಲ್ಲ. ಅದು ನೋಡುವುದು ಬೆಳಕನ್ನಲ್ಲ, ಶಾಖವನ್ನು. ಮೋಡದ ತಲೆ ತಣ್ಣಗಿದ್ದಷ್ಟೂ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ತುಂಬ ಬೆಳ್ಳಗಿದ್ದರೆ ದೊಡ್ಡ ಮಳೆಯ ಮೋಡ ಇರಬಹುದು."

"ಅಂದ್ರೆ ಬಿಳಿ ಮಳೆ, ಕಪ್ಪು ಬಿಸಿಲು?"

"ಈ ಚಿತ್ರದಲ್ಲಿ, ಹೌದು."

ಕೃಷಿಕರು ಕಿಟಕಿಯಿಂದಾಚೆ ಕವಿದಿದ್ದ ಕಾರ್ಮೋಡವನ್ನು ಒಮ್ಮೆ ನೋಡಿ ಕುಳಿತರು. ನನ್ನ ಕಿವಿಯಲ್ಲಿ, "ಇಷ್ಟು ವರ್ಷ ಅಡಿಯಿಂದ ನೋಡಿ ಮೋಸ ಹೋದದ್ದು ಮಾರಾಯ್ರೆ" ಎಂದರು.

ಒಂದೇ ಚುಕ್ಕೆ

ಕಾಣಿಯೂರಿನ ಯಜಮಾನರೊಬ್ಬರು ನಮ್ಮ ಗುಂಪಿನ ಹಿರಿಯ ಸದಸ್ಯರು. ಅವರ ಅಪ್ಪ ಆರಂಭಿಸಿದ ಮಳೆ ಪುಸ್ತಕವನ್ನು ಒಂದು ದಿನವೂ ಬಿಡದೆ ಮುಂದುವರಿಸಿದವರು. ನಾನು ಕಳಿಸಿದ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಸೋತು ಫೋನ್ ಮಾಡಿದರು. "ಮಾಸ್ಟ್ರೆ, ನಮ್ಮ ಮನೆ ಕಾಣುದಿಲ್ಲ."

"ಕಾಣುವುದಿಲ್ಲ. ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲಕ್ಕೆ ಒಂದೇ ಚುಕ್ಕೆ."

"ಅಂದ್ರೆ ಬೇಲಿಯಾಚೆ ಇರುವ ನನ್ನ ಚಿಕ್ಕಪ್ಪನ ಮಗ?"

"ಅವರೂ ಅದೇ ಚುಕ್ಕೆಯಲ್ಲಿ."

"ಅದು ಹೇಗೆ ಆಗ್ತದೆ? ನಮ್ಮದು ಕೋರ್ಟಿನಲ್ಲಿ ಪಾಲಾಗಿ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು. ಮೇಲಿನವರಿಗೆ ಇನ್ನೂ ಕಾಗದ ಹೋಗ್ಲಿಲ್ವಾ?"

ಪ್ರತಿ ಮೂರನೇ ದಿನ

ಉಪಗ್ರಹ ಅಂದಾಜಿಸಿದ ಮಳೆಗೂ ನೆಲದಲ್ಲಿ ಬಿದ್ದ ಮಳೆಗೂ ಎಷ್ಟು ಹೊಂದುತ್ತದೆ ಎಂದು ನೋಡಲು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಳು. ಯಜಮಾನರ ಪುಸ್ತಕ ಸರಿ ಎನಿಸಿದರೆ ಅದು ಅವಳ ಪ್ರಬಂಧಕ್ಕೆ ಆಧಾರ. ಯಜಮಾನರು ಪುಸ್ತಕಕ್ಕೆ ಹೊಸ ಬೈಂಡ್ ಹಾಕಿಸಿದರು. "ಅಪ್ಪನ ಹೆಸರು ಮೊದಲು ಬರ್ಬೇಕು" ಎಂದು ಮೂರು ಸಲ ಹೇಳಿದರು.

ಮಳೆಗಾಲದ ಲೆಕ್ಕವೆಲ್ಲ ಸರಿಹೋಯಿತು. ಸಿಕ್ಕಿಬಿದ್ದದ್ದು ಈ ವರ್ಷದ ಮಾರ್ಚ್. ಉಪಗ್ರಹದಲ್ಲಿ ಮೋಡವೇ ಇಲ್ಲ; ಪುಸ್ತಕದಲ್ಲಿ ಪ್ರತಿ ಮೂರನೇ ದಿನ ಹನ್ನೆರಡು ಮಿಲಿಮೀಟರ್.

ಅಧಿಕಾರಿಯನ್ನು ಕೇಳಿದೆವು. "ಗಿಡ್ಡ ಮೋಡದ ಮಳೆ ಉಪಗ್ರಹದ ಕಣ್ಣು ತಪ್ಪಿಸುವುದುಂಟು. ಆದರೆ ಅದಕ್ಕೆ ಇಷ್ಟು ಶಿಸ್ತು ಇರುವುದಿಲ್ಲ" ಎಂದರು. ನಾನು ಘಟ್ಟದ ಗಾಳಿಯ ಮೇಲೆ ಅರ್ಧ ಗಂಟೆ ಮಾತಾಡಿದೆ. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಈಗ ಅರ್ಥವಾಗದವರು ಮೂವರಾದೆವು.

ಯಜಮಾನರಿಗೆ ಮಾತ್ರ ಸಂಶಯವಿರಲಿಲ್ಲ. "ಉಪಗ್ರಹ ರಿಪೇರಿಗೆ ಬಂದಿರ್ಬೇಕು."

ಸ್ಥಳ ಪರಿಶೀಲನೆ

ಹುಡುಗಿಯೂ ನಾನೂ ಕಾಣಿಯೂರಿಗೆ ಹೋದೆವು. ಮಳೆಮಾಪಕ ನಿಯಮದಂತೆ ಮರಗಳಿಂದ ದೂರ, ಬೇಲಿಯ ಪಕ್ಕದ ಬಯಲಲ್ಲಿತ್ತು. "ಅಪ್ಪ ನೆಟ್ಟ ಜಾಗ" ಎಂದರು ಯಜಮಾನರು. ಹುಡುಗಿ ಬಗ್ಗಿ ಅಳತೆ ತೆಗೆಯುತ್ತಿದ್ದಳು.

ಸಾಮಾನ್ಯವಾಗಿ ಎಲ್ಲರೂ ಮಲಗಿರುವಾಗ ಬರುವ ಪಂಪಿನ ಕರೆಂಟು ಅಂದು ಹತ್ತು ಗಂಟೆಗೇ ಬಂತು. ಬೇಲಿಯಾಚೆಯ ಪಂಪು ತಾನಾಗಿ ಚಾಲೂ ಆಯಿತು. ಹೊಸ ಸ್ಪ್ರಿಂಕ್ಲರ್ ಒಂದು ಸುತ್ತು ತಿರುಗಿ ಮೊದಲು ನನ್ನ ಕನ್ನಡಕಕ್ಕೆ, ಆಮೇಲೆ ಹುಡುಗಿಯ ಬೆನ್ನಿಗೆ, ಕೊನೆಗೆ ನೇರವಾಗಿ ಮಳೆಮಾಪಕಕ್ಕೆ ನೀರು ಬಿಟ್ಟಿತು.

ಯಜಮಾನರು ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಕೂಗಿದರು. "ಏಯ್! ನಿನ್ನ ನೀರು ನನ್ನ ಅಪ್ಪನ ಪುಸ್ತಕಕ್ಕೆ ಬಿದ್ದದ್ದು!"

ಚಿಕ್ಕಪ್ಪನ ಮಗ ಬೇಲಿಗೆ ಓಡಿ ಬಂದ. ವಿಷಯ ತಿಳಿದದ್ದೇ ಅವನೂ ಕೂಗಿದ. "ಅಣ್ಣ, ಅದು ನನ್ನ ನೀರಾ? ನೀನು ಗುಂಪಿನಲ್ಲಿ ಹನ್ನೆರಡು ಮಿಲಿಮೀಟರ್ ಅಂತ ಹಾಕ್ತಿ. ತೋಟಕ್ಕೆ ಹೋಗಿ ನೋಡಿದ್ರೆ ನೆಲ ಒದ್ದೆ. ಮಳೆ ಬಂತಲ್ಲ ಅಂತ ನಾನು ಎರಡು ದಿನ ಪಂಪು ಬಂದ್ ಮಾಡುದು. ಮೂರನೇ ದಿನ ಹಾಕಿದ್ರೆ ಅವತ್ತೇ ಪುನಃ ಮಳೆ! ನನ್ನ ಅಡಿಕೆ ಮರದ ಹಿಂಗಾರ ಒಣಗಿದ್ದು ಇದಕ್ಕಾ?"

ಹುಡುಗಿ ಮಾರ್ಚ್ ತಿಂಗಳಿಗೆ ಅಡ್ಡಗೆರೆ ಎಳೆದು, ಉಳಿದದ್ದನ್ನು ಅಪ್ಪನ ಹೆಸರಿನ ಸಮೇತ ತೆಗೆದುಕೊಂಡಳು. ಮಳೆಮಾಪಕವನ್ನು ಸರಿಸಲು ಅಣ್ಣ ಒಪ್ಪಲಿಲ್ಲ, ಸ್ಪ್ರಿಂಕ್ಲರ್ ಸರಿಸಲು ತಮ್ಮ ಒಪ್ಪಲಿಲ್ಲ. ಕೊನೆಗೆ ನೀರು ಬಿಡುವ ಹಿಂದಿನ ದಿನ ಗುಂಪಿಗೆ ತಮ್ಮನೇ ತಿಳಿಸುವುದೆಂದು ತೀರ್ಮಾನವಾಯಿತು.

ಮರುದಿನವೇ ಅವನ ಸಂದೇಶ ಬಂತು: "ನಾಳೆ ಬೆಳಗಿನ ಜಾವ ಅಣ್ಣನಲ್ಲಿ ಹನ್ನೆರಡು ಮಿಲಿಮೀಟರ್."

ಹನ್ನೆರಡೇ ಬಿತ್ತು. ನಮ್ಮ ಗುಂಪಿನಲ್ಲಿ ಇದುವರೆಗೆ ನಿಜವಾದ ಮುನ್ಸೂಚನೆ ಅದೊಂದೇ.