ಕೊಂಡಿಯ ಓರೆಯನ್ನು ದಯವಿಟ್ಟು ತಿದ್ದಬೇಡಿ

ಪಿಕಪ್ ವಾಹನಗಳ ಹಿಂಬದಿಗೆ ಕಾರ್ಖಾನೆಯಲ್ಲೇ ಕೊಂಡಿ ಬೆಸೆದು ಕಳಿಸುವ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ, ಚಿಂಚೋಳಿಗೆ ಅಂಟಿಕೊಂಡಿರುವ ಚಂದಾಪುರದಿಂದ ಸಂಚಾರಿ ಹಿಟ್ಟಿನ ಗಿರಣಿಯ ಅಣವೀರ ಮಾಡುವ ಶರಣು.

ಮಾನ್ಯರೇ,

ತಾವು ಕುಶಲವಾಗಿದ್ದೀರೆಂದು ನಂಬಿದ್ದೇನೆ. ತಾವು ಕೂರುವ ಕುರ್ಚಿ ನೆಟ್ಟಗಿರಲಿ, ಅದರ ಬೆಸುಗೆಗಳೆಲ್ಲ ಗಟ್ಟಿಯಾಗಿರಲಿ ಎಂದು ನಾನೂ ನನ್ನ ಹೆಂಡತಿ ಅಂಬುಬಾಯಿಯೂ ಮನಸಾರೆ ಹಾರೈಸುತ್ತೇವೆ. ನೆಟ್ಟಗೂ ಇಲ್ಲದ ಗಟ್ಟಿಯೂ ಅಲ್ಲದ ವಸ್ತುವನ್ನು ನಂಬಿ ಕೂತರೆ ಏನಾಗುತ್ತದೆಂಬುದು ನಮಗೆ ಈಚೆಗೆ ತಮ್ಮ ಕೃಪೆಯಿಂದಲೇ ತಿಳಿದುಬಂದಿರುವುದರಿಂದ ಈ ಹಾರೈಕೆ ಬರೀ ಬಾಯಿಮಾತಿನದಲ್ಲ.

ನಮ್ಮ ಉದ್ಯೋಗ ತಮಗೆ ಗೊತ್ತಿರಲಾರದು. ಕುಂಚಾವರಂ ಕಡೆಯ ಕಾಡಿನಲ್ಲಿ ಚದುರಿಕೊಂಡಿರುವ ಊರುಗಳಲ್ಲಿ ಹಿಟ್ಟಿನ ಗಿರಣಿಯಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಜೋಳದ ಬುಟ್ಟಿ ಹೊತ್ತು ದೂರ ನಡೆಯಬೇಕಾಗಿತ್ತು. ಆದ್ದರಿಂದ ನಾವು ಡೀಸೆಲ್ ಎಂಜಿನ್ನನ್ನೂ ಬೀಸುವ ಕಲ್ಲನ್ನೂ ಒಂದು ಟ್ರೇಲರಿನ ಮೇಲೆ ಕೂರಿಸಿ, ಗಿರಣಿಯನ್ನೇ ಅವರ ಮನೆ ಬಾಗಿಲಿಗೆ ಎಳೆದೊಯ್ಯುತ್ತೇವೆ. ಬಾಡಿಗೆ ಟ್ರ್ಯಾಕ್ಟರ್ ಎಳೆಯುತ್ತಿದ್ದ ಕಾಲದಿಂದಲೂ ಅಂಬುಬಾಯಿಯ ಜಾಗ ಟ್ರೇಲರಿನಲ್ಲಿ, ಬೀಸುವ ಕಲ್ಲಿನ ಮಗ್ಗುಲಲ್ಲಿ. ಹಾರಿಹೋಗದಂತೆ ಹುರಿಯಿಂದ ಬಿಗಿದ ಒಂದು ಗೋಣಿಚೀಲದ ಮೇಲೆ ಕುಳಿತು, ಕಾಳು ಸುರಿಯುವ ಡಬ್ಬ ಗಡಗಡಿಸದಂತೆ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಳು. ಆ ಚೀಲವನ್ನು ಅವಳು ತನ್ನ ಗಾದಿ ಎಂದೇ ಕರೆಯುತ್ತಿದ್ದಳು.

ಬೆಟ್ಟವನ್ನೇ ಎಳೆಯಬಲ್ಲದೆಂದು ತಾವು ಜಾಹೀರಾತಿನಲ್ಲಿ ಹೊಗಳಿದ್ದ ಕೊಂಡಿಯನ್ನು ನೋಡಿ ನಾವು ತಮ್ಮ ಪಿಕಪ್ ಕೊಂಡೆವು. ತಂದು ನೋಡಿದರೆ ಆ ಕೊಂಡಿ ವಾಹನದ ನಡುವಿಗಿಲ್ಲದೆ ಎರಡು ಬೆರಳು ಎಡಕ್ಕೂ, ಇರಬೇಕಾದ ಎತ್ತರಕ್ಕಿಂತ ನಾಲ್ಕು ಬೆರಳು ಮೇಲಕ್ಕೂ ಇತ್ತು. ಇದು ನಮ್ಮಂಥವರಿಗೆ ಅರ್ಥವಾಗದ ಹೊಸ ತಂತ್ರಜ್ಞಾನವಿರಬೇಕೆಂದು ಭಾವಿಸಿ ತೆಂಗಿನಕಾಯಿ ಒಡೆದು, ನಿಂಬೆಹಣ್ಣು ಕಟ್ಟಿದೆವು. ನಿಂಬೆಹಣ್ಣು ಮಾತ್ರ ಸರಿಯಾಗಿ ನಡುವಿಗೆ ತೂಗಿತು.

ಟ್ರೇಲರಿನ ಮೂತಿ ಮೇಲೆದ್ದಿದ್ದರಿಂದ ಗಿರಣಿ ಹಿಂದಕ್ಕೆ ವಾಲಿ, ಕಾಳು ಒಮ್ಮೆಲೇ ಕಲ್ಲಿಗೆ ನುಗ್ಗಿ ಹಿಟ್ಟು ತರಿಯಾಗತೊಡಗಿತು. ಕುಂಚಾವರಂ ಕಡೆಯ ಹೆಣ್ಣುಮಕ್ಕಳು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಬೈಯುತ್ತಾರೆ, ಎರಡೂ ಪೂರ್ತಿಯಾಗಿ ತಿಳಿಯುತ್ತವೆ. "ಏ ಅಣವೀರಣ್ಣ, ಇದು ಹಿಟ್ಟೇನು ರವಾನೋ? ರೊಟ್ಟಿ ಬಡೀಲಿಕ್ಕ ಹೋದ್ರ ಕೈಯಾಗೇ ಹೋಳಾಗಲಿಕತ್ತದ" ಎಂಬುದು ಅವುಗಳಲ್ಲಿ ತಮಗೆ ಬರೆದು ತಿಳಿಸಬಹುದಾದ ಮಾತು. ಉಳಿದವನ್ನು ನಾನು ತಮ್ಮ ಪರವಾಗಿ ಸ್ವೀಕರಿಸಿದ್ದೇನೆ.

ಶಹಾಬಾದದಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ನಮ್ಮ ಗೆಳೆಯ ಅಬ್ದುಲ್ ಗನಿ ಇದನ್ನು ಕೇಳಿ, ನಮ್ಮ ಕಡೆಯವರು ಯಾರಾದರೂ ಹೇಳುವುದನ್ನೇ ಹೇಳಿದ: "ಗಾಲಿ ಕೆಳಗ ಒಂದ್ ಚೂರು ಫರ್ಸಿ ಇಡ್ರಿ, ಎಲ್ಲಾ ಬರಾಬರ್ ಆಗ್ತದ." ನಮ್ಮಲ್ಲಿ ಮಂಚ ಅಲುಗಿದರೂ, ಕೊಡ ವಾಲಿದರೂ, ಶಾಲೆಯ ಮೇಜು ಕುಂಟಿದರೂ ಶಹಾಬಾದದ ಕಲ್ಲಿನ ಒಂದು ಚೂರೇ ಮದ್ದು. ಅಂದಿನಿಂದ ಗಿರಣಿ ನಿಲ್ಲಿಸಿದಲ್ಲೆಲ್ಲ ಹಿಂದಿನ ಗಾಲಿಗಳಿಗೆ ಚೂರು ಕೊಟ್ಟು ಹಿಟ್ಟನ್ನು ನುಣ್ಣಗೆ ಮಾಡಿಕೊಂಡೆವು. ಆದರೆ ಓಡುವ ಗಾಲಿಗೆ ಚೂರು ಕೊಡುವ ವಿದ್ಯೆ ಗನಿಗೂ ಗೊತ್ತಿಲ್ಲ. ದಾರಿಯುದ್ದಕ್ಕೂ ಟ್ರೇಲರ್ ಎಡಕ್ಕೆ ಜಗ್ಗುತ್ತಿತ್ತು, ನಾನು ಬಲಕ್ಕೆ ಜಗ್ಗುತ್ತಿದ್ದೆ, ನಡುವೆ ಅಂಬುಬಾಯಿ ಓಲಾಡಿ ಓಲಾಡಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು, "ನಾ ಇನ್ನ ಇದ್ರಾಗ ಕುಂದ್ರಂಗಿಲ್ಲ. ಕರುಳು ಬಾಯಿಗಿ ಬರಲಿಕತ್ತಾವ. ಬೇಕಾದ್ರ ನೀವು ಹಿಂದ ಕುಂದರ್ರಿ, ನಾ ಗಾಡಿ ಹೊಡೀತೀನಿ" ಎಂದಳು. ಅವಳು ಹೊಡೆದೇಬಿಡುವ ಹೆಂಗಸಾದ್ದರಿಂದ ನಾನು ಮಾತು ಬೆಳೆಸದೆ ನನ್ನ ಪಕ್ಕದ ಸೀಟು ಖಾಲಿ ಮಾಡಿಕೊಟ್ಟೆ.

ಅದೇ ವಾರ ಕುಂಚಾವರಂ ದಾರಿಯ ಇಳಿಜಾರಿನಲ್ಲಿ ಹಿಂದೆ ಏನೋ ಟಣ್ಣೆಂದಿತು. ಅಂಬುಬಾಯಿ ಕಿಟಕಿಯಿಂದ ಇಣುಕಿ, "ರೀ, ಹಿಂದಿನ ಗಿರಣಿ ಮುಂದ ಯಾಕ ಹೊಂಟದ?" ಎಂದು ಕೇಳಿದಳು. ನಮ್ಮ ಗಿರಣಿ ಎಡಗಡೆಯಿಂದ ನಮ್ಮನ್ನು ದಾಟಿಕೊಂಡು, ಸ್ವಲ್ಪ ದೂರ ತಾನೇ ದಾರಿ ತೋರಿಸುತ್ತ ಹೋಗಿ, ತಿರುವಿನಲ್ಲಿ ತಿರುಗದೆ ತಗ್ಗಿಗೆ ಹಾರಿತು. ಕೊಂಡಿಯ ಬೆಸುಗೆ ಒಣಗಿದ ರೊಟ್ಟಿಯ ಅಂಚು ಮುರಿದಂತೆ ಮುರಿದಿತ್ತು. ಭಾರ ಹೆಚ್ಚಾಗಿತ್ತೆಂದು ತಾವು ಹೇಳಬಾರದೆಂದು ಮುಂಚೆಯೇ ವಾಡಿಯಲ್ಲಿ ತೂಗಿಸಿದ್ದೇನೆ. ತಮ್ಮ ಪುಸ್ತಕದಲ್ಲಿ ಹೇಳಿರುವುದಕ್ಕಿಂತ ನಮ್ಮ ಗಿರಣಿ ಹಗುರವೇ.

ನಾವು ತಗ್ಗಿಗೆ ಇಳಿದು ನೋಡಿದೆವು. ಬೀಸುವ ಕಲ್ಲು ಕಿತ್ತುಬಂದು, ಹುರಿಯಿಂದ ಬಿಗಿದ ಆ ಗೋಣಿಚೀಲದ ಮೇಲೆಯೇ ಬಿದ್ದಿತ್ತು. ಅಂಬುಬಾಯಿ ಚೀಲದ ತುದಿ ಹಿಡಿದು ಜಗ್ಗಿದಳು, ಬರಲಿಲ್ಲ. ಮತ್ತೊಮ್ಮೆ ಜಗ್ಗಿದಳು. ಆಮೇಲೆ ಅಲ್ಲೇ ಕೂತು ಅತ್ತಳು, ನಾನೂ ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ ಬರುವ ಹೆಂಗಸು ಅಂದು ಮನೆ ಮುಟ್ಟುವವರೆಗೆ ನನ್ನ ಅಂಗಿಯ ತೋಳು ಹಿಡಿದೇ ಬಂದಳು.

ಮಾನ್ಯರೇ, ತಮ್ಮ ದೂರದೃಷ್ಟಿ ನನಗೆ ಹೊಳೆದದ್ದು ಆಗಲೇ. ತಮ್ಮ ಕೊಂಡಿಯಲ್ಲಿ ಒಂದೇ ದೋಷವಿದ್ದಿದ್ದರೆ, ಅಂದರೆ ಅದು ದುರ್ಬಲವಾಗಿದ್ದೂ ನೆಟ್ಟಗಿದ್ದಿದ್ದರೆ, ಟ್ರೇಲರ್ ಓಲಾಡುತ್ತಿರಲಿಲ್ಲ, ಅಂಬುಬಾಯಿ ಗಾದಿ ಬಿಡುತ್ತಿರಲಿಲ್ಲ, ನಾನು ಈ ಪತ್ರವನ್ನು ಬೇರೆ ಧಾಟಿಯಲ್ಲಿ ಬರೆಯಬೇಕಾಗುತ್ತಿತ್ತು. ಬೇರೆ ಕಂಪನಿಗಳು ಒಂದು ದೋಷಕ್ಕೇ ತೃಪ್ತಿಪಡುವಾಗ, ತಾವು ಮೊದಲನೆಯದರಿಂದ ಗಿರಾಕಿಯನ್ನು ಕಾಪಾಡಲೆಂದು ಎರಡನೆಯದನ್ನೂ ಉಚಿತವಾಗಿ ಒದಗಿಸಿದ್ದೀರಿ. ನನ್ನ ಹೆಂಡತಿಯ ಜೀವ ತಮ್ಮ ಎರಡು ಬೆರಳಿನ ಓರೆಗೆ ಋಣಿಯಾಗಿದೆ.

ಆದ್ದರಿಂದಲೇ ನನ್ನ ದೂರಿಗೆ ತಮ್ಮ ಸೇವಾಕೇಂದ್ರ ಕೊಟ್ಟ ಉತ್ತರ ಓದಿ ಎದೆಯೊಡೆಯಿತು. ನಮ್ಮ ಗಾಲಿಯ ಬಳಿ ಅನಧಿಕೃತ ಕಲ್ಲು ಕಂಡುಬಂದಿದೆಯೆಂದು ಅವರು ಬರೆದಿದ್ದಾರೆ. ನೆಲವೂ ಗೋಡೆಯೂ ಕಟ್ಟೆಯೂ ಅದೇ ಕಲ್ಲಿನವಾದ ನಮ್ಮ ಸೀಮೆಯಲ್ಲಿ ವಾಹನವನ್ನು ಕಲ್ಲಿನಿಂದ ದೂರ ನಿಲ್ಲಿಸಬೇಕಾದರೆ ಮರಕ್ಕೆ ನೇತುಹಾಕಬೇಕು. ಟ್ರೇಲರಿನಲ್ಲಿ ಯಾರೂ ಕೂರಬಾರದೆಂದೂ ಬರೆದಿದ್ದಾರೆ. ಅದಕ್ಕೆ ತಲೆಬಾಗುತ್ತೇನೆ, ಇನ್ನು ನನ್ನ ಪ್ರಾಣ ಹೋದರೂ ಅವಳನ್ನು ಕೂರಿಸೆನು. ಕೊನೆಗೆ, ಕೊಂಡಿಯ ಬೆಸುಗೆ ಬೇಕಾದಷ್ಟು ಗಟ್ಟಿಯಾಗಿಯೇ ಇದೆಯೆಂದೂ, ಓರೆಯೊಂದನ್ನು ಮಾತ್ರ ಒಪ್ಪಿಕೊಂಡು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಎಲ್ಲ ಮಾಲೀಕರಿಗಾಗಿ ಮುಂದಿನ ತಿಂಗಳು ಚಿತ್ತಾಪುರದಲ್ಲಿ ಉಚಿತ ನೇರಗೊಳಿಸುವ ಶಿಬಿರ ನಡೆಸುವುದಾಗಿಯೂ ತಿಳಿಸಿದ್ದಾರೆ.

ವಾಡಿಯಲ್ಲಿ ಅಖ್ತರ ಬೇಗಂ ಎಂಬವರಿದ್ದಾರೆ. ಮದುವೆಗಳಿಗೆ ಅಡುಗೆ ಮಾಡುವವರು, ದೇಗು ಎಂಬ ದೊಡ್ಡ ಹಂಡೆಗಳನ್ನು ಟ್ರೇಲರಿನಲ್ಲಿ ಒಯ್ಯುತ್ತಾರೆ. ಅವರಲ್ಲೂ ತಮ್ಮದೇ ಪಿಕಪ್ಪು, ತಮ್ಮದೇ ಓರೆ ಕೊಂಡಿ. ಓಲಾಟ ತಾಳಲಾರದೆ ಅವರೂ ಮುಂದಿನ ಸೀಟಿಗೆ ಬಂದಿದ್ದಾರೆ. ನಾನು ಫೋನ್ ಮಾಡಿ ಎಚ್ಚರಿಸಿದರೆ ನಕ್ಕು, "ಶಿಬಿರ ಆಗ್ಲಿ ಭಾಯಿ, ಆಮ್ಯಾಲ ಹಿಂದ ದೇಗು ಹಿಡ್ಕೊಂಡು ಆರಾಮ ಕುಂದರ್ತೀನಿ. ಕಂಪನಿಯೋರು ಎಲ್ಲಾ ನೋಡೇ ಮಾಡಿರ್ತಾರಲ್ರಿ" ಎಂದರು. ತಮ್ಮ ಮೇಲೆ ಇಷ್ಟು ನಂಬಿಕೆಯಿಟ್ಟವರು ಭೂಮಿಯ ಮೇಲೆ ಇನ್ನೂ ಇದ್ದಾರೆಂದು ತಿಳಿದರೆ ತಮಗೂ ಗಾಬರಿಯಾದೀತು.

ಹೀಗಾಗಿ ನನ್ನ ವಿನಂತಿ ಇಷ್ಟೇ. ಆ ಶಿಬಿರವನ್ನು ರದ್ದುಪಡಿಸಿ. ಸಾಧ್ಯವಾದರೆ ಎರಡು ಬೆರಳಿನ ಓರೆಯನ್ನು ಒಂದು ಗೇಣಿಗೆ ಏರಿಸಿ, ಟ್ರೇಲರಿನಲ್ಲಿ ಒಂದು ಕೋಳಿಯೂ ಕೂರಲಾಗದಂತೆ ಮಾಡಿ. ವಾಂತಿಯನ್ನು ಸುರಕ್ಷತಾ ಸೌಲಭ್ಯವೆಂದು ಜಾಹೀರಾತಿನಲ್ಲಿ ಸೇರಿಸಿ. ಇದೆಲ್ಲ ಕಷ್ಟವೆನಿಸಿದರೆ, ಬೆಸುಗೆಯನ್ನೂ ಗಟ್ಟಿ ಮಾಡಿ ಓರೆಯನ್ನೂ ತಿದ್ದುವ ಒಂದು ವಿಚಿತ್ರ ಪದ್ಧತಿ ಲೋಕದಲ್ಲಿದೆಯಂತೆ, ಅದನ್ನೂ ಒಮ್ಮೆ ಪರಿಶೀಲಿಸಬಹುದು. ದಯವಿಟ್ಟು ಒಂದನ್ನೇ ತಿದ್ದಬೇಡಿ.

ಮುಂದಿನ ಸೀಟಿನಲ್ಲಿ ಹೆಂಡತಿಯ ಬೈಗುಳ ಕೇಳುತ್ತ ಸುಖವಾಗಿರುವ,
ತಮ್ಮ ವಿಶ್ವಾಸಿ,
ಅಣವೀರ

ತಾ.ಕ.: ಇದರೊಂದಿಗೆ ಒಂದು ಗೋಣಿಚೀಲ ಕಳಿಸಿದ್ದೇನೆ. ಕಲ್ಲನ್ನು ಎತ್ತಿಸಿ ತೆಗೆದದ್ದು. ಅದರ ಜೊತೆ ಈ ಮಾತನ್ನೂ ಬರೆಯಬೇಕೆಂದು ಅಂಬುಬಾಯಿಯ ಅಪ್ಪಣೆಯಾಗಿದೆ: "ಸಾಹೇಬ್ರ, ಚೀಲ ಒಗದು ಕಳಸೀನಿ. ಶಿಬಿರ ಮುಗದ ಮ್ಯಾಲ ಅದನ್ನ ಹಾಸ್ಕೊಂಡು ನೀವು ಹಿಂದ ಕುಂದರ್ರಿ, ಕುಂಚಾವರಂ ತನಕ ಹೋಗಿ ಬರೋಣು. ನಾ ಮುಂದ ಕುಂತು, ನೀವು ಇದ್ದೀರೋ ಇಲ್ಲೋ ಅಂತ ತಿರುಗಿ ತಿರುಗಿ ನೋಡ್ಕೋತ ಬರ್ತೀನಿ."