ತೂತಿಲ್ಲದ ಕಲ್ಲುಬಾನಿ

ಜಂಬ ಪಡಬಾರದು ಎಂದು ಬುದ್ಧಿ ಹೇಳುವವರ ಮನೆಯ ಮುಂದೆ ಜಂಬ ಪಡುವಂಥದ್ದು ಏನೂ ಇರುವುದಿಲ್ಲ ಎಂಬುದು ನನ್ನ ಬಹುದಿನದ ಅನುಮಾನ. ನಮ್ಮ ಮನೆಯ ಮುಂದೆ ಇದೆ. ನಾಲ್ಕು ಎತ್ತುಗಳು ಒಟ್ಟಿಗೆ ಮೂತಿ ಇಟ್ಟು ನೀರು ಕುಡಿಯುವಷ್ಟು ಉದ್ದದ, ಒಂದೇ ಕಲ್ಲಿನಲ್ಲಿ ಕಡೆದ ಹಳೆಯ ಬಾನಿ. ನ್ಯಾಮತಿಯ ನಮ್ಮ ಬೀದಿಯಲ್ಲಿ ಕಾರಿರುವವರಿದ್ದಾರೆ, ಮೂರಂತಸ್ತಿನ ಮನೆಯವರಿದ್ದಾರೆ. ಬಾನಿ ಇರುವವನು ನಾನೊಬ್ಬನೇ. ಸರ್ಕಾರಿ ಕಚೇರಿಯ ಗುಮಾಸ್ತನಾದ ನಾನು ದಿನಕ್ಕೆ ಹತ್ತಾರು ಕಡತಗಳನ್ನು ಮೇಲಕ್ಕೆ ಕಳಿಸುತ್ತೇನೆ. ಆದರೆ ಈ ಬಾನಿಯಲ್ಲಿ ಯಾವ ಗಿಡ ನೆಡಬೇಕು ಎಂಬ ಒಂದು ವಿಷಯ ತೀರ್ಮಾನವಾಗಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು, ತೀರ್ಮಾನಿಸಿದ್ದೂ ನಾನಲ್ಲ.

ಬಾನಿ ಬಂದದ್ದು ಸಂತೇಬೆನ್ನೂರಿನ ಹತ್ತಿರದ ನಮ್ಮ ಹಳ್ಳಿಯಿಂದ. ಅಲ್ಲಿನ ದೊಡ್ಡಮನೆಯವರು ಕೊಟ್ಟಿಗೆ ಕೆಡವಿ ಕಾರು ನಿಲ್ಲಿಸಲು ಶೆಡ್ಡು ಕಟ್ಟಿಸುತ್ತಿದ್ದರು. ಬಾನಿ ರಸ್ತೆ ಪಕ್ಕದಲ್ಲಿ ಬಿದ್ದಿತ್ತು. ನಾನು ನಿಂತು ನೋಡುವುದನ್ನು ಕಂಡು ಯಜಮಾನರು, "ಬೇಕೇನ್ರಿ? ತಗಂಡ್ ಹೋಗ್ರಿ, ನಮಗೆ ಅಡ್ಡ ಆಗೈತೆ" ಎಂದರು. ನನ್ನ ಅವ್ವ ಮದುವೆಯಾಗಿ ಬಂದಾಗಿನಿಂದ ನನಗೆ ನೌಕರಿ ಸಿಗುವವರೆಗೆ ಕೆರೆಯಿಂದ ಕೊಡಗಟ್ಟಲೆ ನೀರು ಹೊತ್ತು ತುಂಬಿದ್ದು ಇದೇ ಬಾನಿಯನ್ನು. ಎತ್ತುಗಳು ಮೂತಿ ಇಟ್ಟು ಕುಡಿಯುತ್ತಿದ್ದವು. ಅವ್ವನಿಗೆ ಬಾಯಾರಿದರೆ ಆ ಮನೆಯ ಜಗುಲಿಯ ಕೆಳಗೆ ನಿಂತು ಬೊಗಸೆ ಒಡ್ಡಬೇಕಿತ್ತು. ಟ್ರ್ಯಾಕ್ಟರಿನಿಂದ ಬಾನಿ ಇಳಿದಾಗ ಅವ್ವ ಅದರ ಅಂಚನ್ನು ಒಮ್ಮೆ ಸವರಿ, "ಮಿಕ್ಸಿ ತಾ ಅಂದ್ರೆ ಇದ್ನ ತಂದ್ಯೇನೋ?" ಎಂದು ಒಳಗೆ ಹೋದಳು.

ಏನು ನೆಡುವುದು? ಹೆಂಡತಿ ಸುಜಾತ ಅಡುಗೆಮನೆಯ ಕಿಟಕಿಯಿಂದಲೇ, "ಪುದೀನ, ಕೊತ್ತಂಬರಿ, ಒಂದು ಕರಿಬೇವು ಹಾಕ್ರಿ, ಸಂತೆಯಾಗೆ ಕೊಳ್ಳಾದು ತಪ್ತೈತೆ" ಎಂದಳು. ಕಚೇರಿಯ ಸಹೋದ್ಯೋಗಿ ಸಿದ್ದೇಶಪ್ಪನವರು ಕನ್ನಡಕ ತೆಗೆದು ಗಂಭೀರವಾಗಿ ಯೋಚಿಸಿ, "ಎರಡು ಅಡಿಕೆ ಸಸಿ ಇಟ್ಟು ಬಿಡ್ರಿ" ಎಂದರು. ನಮ್ಮ ಸೀಮೆಯಲ್ಲಿ ಅಂಗೈಯಗಲ ಮಣ್ಣು ಕಂಡರೂ ಜನಕ್ಕೆ ಅಡಿಕೆ ನೆನಪಾಗುತ್ತದೆ. ನಾನಂತೂ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಪಂಡಿತನಾಗಿದ್ದೆ. ನಡುವೆ ಗುಲಾಬಿ, ಸುತ್ತ ಸೇವಂತಿಗೆ, ಅಂಚಿನಲ್ಲಿ ಇಳಿಬೀಳಲು ಟೇಬಲ್ ರೋಸ್ ನೆಟ್ಟೆ. ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದೆ. ಅವ್ವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

ಮಳೆ ಹಿಡಿಯಿತು. ವಾರದೊಳಗೆ ಸೇವಂತಿಗೆ ತೇಲಿತು, ಟೇಬಲ್ ರೋಸ್ ಕೊಳೆಯಿತು, ಗುಲಾಬಿ ಮಾತ್ರ ಹೊಳೆಗೆ ಸ್ನಾನಕ್ಕಿಳಿದವರಂತೆ ಕುತ್ತಿಗೆ ತನಕ ನೀರಿನಲ್ಲಿ ನಿಂತಿತ್ತು. ಬಾನಿಯ ತಳದಲ್ಲಿ ತೂತೇ ಇರಲಿಲ್ಲ. ನೀರು ಹಿಡಿದಿಡಲೆಂದೇ ಮಾಡಿದ್ದಕ್ಕೆ ತೂತು ಇರುವುದಿಲ್ಲ ಎಂಬುದು ಪದವೀಧರನಾದ ನನಗೆ ಹೊಳೆದಿರಲಿಲ್ಲ. "ನಿಂಗೆ ಗೊತ್ತಿತ್ತೇನವ್ವಾ?" ಎಂದೆ. "ಗೊತ್ತಿಲ್ದೆ ಏನು? ನೀನು ಖುಷಿಯಾಗಿ ಫೋಟ ತೆಗಿತಿದ್ದೆ, ನಾನು ಸುಮ್ನಾದೆ" ಎಂದಳು.

ಭಾನುವಾರ ಕಲ್ಲು ಕೊರೆಯುವ ಬಾಷಾ ಸಾಬರನ್ನು ಕರೆಸಿದೆ. ಅವರು ಮಣ್ಣು, ನೀರು ಖಾಲಿ ಮಾಡಿ ತಳಕ್ಕೆ ಡ್ರಿಲ್ ಇಡುವಷ್ಟರಲ್ಲಿ, ಮಂಡಿ ನೋವೆಂದು ಕುರ್ಚಿ ಬಿಟ್ಟೇಳದ ಅವ್ವ ಸರಸರ ನಡೆದು ಬಂದು ಅಡ್ಡ ನಿಂತಳು.

"ತೂತು ಹೊಡಿಬ್ಯಾಡ್ರಿ."

"ನೀರು ನಿಂತ್ರೆ ಗಿಡ ಉಳಿಯಲ್ಲವ್ವಾ" ಎಂದೆ.

"ಅಷ್ಟು ವರ್ಷ ತುಂಬೀನಿ, ಒಂದು ಹನಿ ಸೋರಿಲ್ಲ ಇದು. ಈಗ ನನ್ನ ಮಗ ಸೋರಂಗೆ ಮಾಡ್ತಾನಾ?"

ಬಾಷಾ ಸಾಬರು ಡ್ರಿಲ್ ಕೆಳಗಿಟ್ಟರು. "ಅಮ್ಮ ಹೇಳಾದು ಸರಿ ಐತ್ರಿ ಸಾರ್."

"ಹಂಗಾದ್ರೆ ಏನು ಹಾಕಾಣ ಅವ್ವಾ?"

"ನೀರಾಗೆ ಬೆಳಿಯಾದು. ನೈದಿಲೆ ಹಾಕು."

ಸುಜಾತ ಹೊರಗೆ ಬಂದಳು. "ಅದರಿಂದ ಏನು ಉಪಯೋಗ ಅತ್ತೆ? ಅಡಿಗೆಗೂ ಬರಲ್ಲ, ಮುಡಿಯಾಕೂ ಬರಲ್ಲ."

"ಏನೂ ಉಪಯೋಗ ಇಲ್ಲ. ಅದಕ್ಕೇ ಹಾಕ್ರಿ ಅನ್ನಾದು. ಉಪಯೋಗಕ್ಕೆ ಬರೋ ಕೆಲಸ ಈ ಬಾನಿ ಮುಂದೆ ಬಾಳ ಮಾಡೀನಿ. ಇನ್ನ ಸುಮ್ನೆ ಕುಂತು ನೋಡಾದು."

ಪುದೀನದ ಪ್ರಸ್ತಾವ ಅಲ್ಲಿಗೆ ಬಿದ್ದುಹೋಯಿತು.

ಮುಂದಿನ ರಜೆಗೆ ಬೈಕಿನಲ್ಲಿ ಸೂಳೆಕೆರೆ ಕಡೆ ಹೋದೆ. ಅಲ್ಲೊಂದು ಹೊಂಡದಲ್ಲಿ ಮೀನು ಹಿಡಿಯುತ್ತಿದ್ದವರು ನನ್ನ ಇಸ್ತ್ರಿ ಪ್ಯಾಂಟು ನೋಡಿ, "ನೀವು ಇಳಿಬ್ಯಾಡ್ರಿ" ಎಂದರು. ಇಳಿದೆ. ತೊಡೆಯವರೆಗೆ ಕೆಸರಿನಲ್ಲಿ ಹೂತುಕೊಂಡೆ. ಅವರು ಮೊದಲು ನನ್ನನ್ನು, ಆಮೇಲೆ ನೈದಿಲೆಯ ಗೆಡ್ಡೆಗಳನ್ನು ಕಿತ್ತು ದಡಕ್ಕೆ ಹಾಕಿದರು. ಮನೆಯಲ್ಲಿ ಅವ್ವ ಮೇಸ್ತ್ರಿ, ನಾನು ಆಳು. ತಳಕ್ಕೆ ಅಂಟುಮಣ್ಣು, ಮೇಲೆ ಮರಳು, ಸೊಳ್ಳೆ ಮರಿ ತಿನ್ನಲು ನಾಲ್ಕು ಸಣ್ಣ ಮೀನು, ಎಲ್ಲ ಅವಳ ಅಪ್ಪಣೆಯಂತೆ ನಡೆಯಿತು.

ಒಂದು ಬೆಳಿಗ್ಗೆ ತಿಳಿನೀಲಿ ಹೂವೊಂದು ಅರಳಿತು. ಅವ್ವ ಕುರ್ಚಿಯನ್ನು ಬಾನಿಯ ಪಕ್ಕಕ್ಕೆ ಹಾಕಿಸಿಕೊಂಡು, ಟೀ ಲೋಟ ಹಿಡಿದು ಕೂತಳು. ಬೀದಿಯಲ್ಲಿ ಹೋಗುವವರೆಲ್ಲ ನಿಂತರು. "ಇದು ಏನಕ್ಕೆ ಬರ್ತೈತಮ್ಮ?" ಎಂದು ಯಾರೋ ಕೇಳಿದರು. "ನೋಡಾಕೆ" ಎಂದಳು ಅವ್ವ. ಆ ಒಂದು ಮಾತನ್ನು ಅವಳು ಹೇಳಿದ ಠೀವಿ ನಮ್ಮ ಸಾಹೇಬರಿಗೂ ಬರುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಮೊನ್ನೆ ಕೊರಿಯರ್‌ನವರು ಫೋನ್ ಮಾಡಿ ಮನೆ ಎಲ್ಲಿ ಎಂದು ಕೇಳಿದರು. ನನ್ನ ಹೆಸರು ಹೇಳಿದೆ. ಹುದ್ದೆ ಹೇಳಿದೆ. ಹೆಸರು, ಪದವಿ ಎರಡನ್ನೂ ಕೆತ್ತಿಸಿದ ಗ್ರಾನೈಟ್ ಫಲಕ ಗೇಟಿನಲ್ಲೇ ಇದೆ ಎಂದೂ ಹೇಳಿದೆ. ಅವರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವರ ಪಕ್ಕದಲ್ಲಿದ್ದ ಯಾರೋ, "ನೈದಿಲೆ ಅಮ್ಮನ ಮನೆ ಇರ್ಬೇಕು ನೋಡ್ರಿ" ಎಂದದ್ದು ಕೇಳಿಸಿತು.

"ಸಾರ್, ನೈದಿಲೆ ಅಮ್ಮ ನಿಮಗೆ ಏನಾಗ್ಬೇಕು?"

"ನಾನು ಅವರ ಮಗ" ಎಂದೆ.

"ಅದನ್ನ ಮೊದ್ಲೇ ಹೇಳಾದಲ್ಲೇನ್ರಿ!" ಎಂದು ಗದರಿ ಅವರು ಫೋನ್ ಇಟ್ಟರು.